ಕೆಂಪು ಗೆರೆ ತಡೆದ ಮೇಲ್

ಪುಣೆಯ ಭೋಸರಿಯಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಕನ್ನಡ ಬಲ್ಲವರು ಇಬ್ಬರೇ, ಮಾಲಕರು ಮತ್ತು ನಾನು. ಮಾಲಕರು ಬಾಗಲಕೋಟೆ ಕಡೆಯವರು, ನಾನು ಗದಗಿನವಳು. ಯಂತ್ರಗಳಿಗೆ ಬೇಕಾಗುವ ಲೋಹದ ಬಿಡಿಭಾಗ ತಯಾರಿಸುವ ಸಣ್ಣ ಜಾಗ ಅದು. ಕೆಳಗೆ ಮಷೀನುಗಳು, ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ ತಗಡಿನ ಮಾಡಿನ ಆಫೀಸು. ಗಿರಾಕಿಗಳ ಜೊತೆಗಿನ ಪತ್ರವ್ಯವಹಾರವೆಲ್ಲ ನನ್ನ ಪಾಲಿಗೆ ಬಂದದ್ದು. ಕೆಲಸದ ಹುಡುಗರ ಜೊತೆ ಮರಾಠಿ, ಗಿರಾಕಿಗಳಿಗೆ ಬರೆಯುವುದು ಇಂಗ್ಲಿಷ್, ನಮ್ಮಿಬ್ಬರ ನಡುವೆ ಮಾತ್ರ ಕನ್ನಡ. ಹೀಗೆ ಬಹಳ ವರ್ಷ ಆರಾಮಾಗಿ ನಡೆದಿತ್ತು.

ಪುಣೆಯ ಕನ್ನಡಿಗರಿಗೆ ಒಂದು ಚಟವಿದೆ. ಎದುರಿಗಿದ್ದವರ ಬಗ್ಗೆ ಅವರ ಎದುರಿಗೇ ಕನ್ನಡದಲ್ಲಿ ಮಾತಾಡುವ ಚಟ. ತರಕಾರಿ ಗಾಡಿಯ ಮುಂದೆ ನಿಂತು, ಮುಖದ ಮೇಲಿನ ನಗು ಅಳಿಸದೆ, ‘ಎಲ್ಲಾ ಬಾಡ್ಯಾವ, ಮುಂದ ನಡಿ’ ಎನ್ನುತ್ತೇವೆ. ರಿಕ್ಷಾದಲ್ಲಿ ಕುಳಿತು ರಿಕ್ಷಾದವನ ಮೀಸೆಯ ಬಗ್ಗೆ ಅಭಿಪ್ರಾಯ ಹೇಳುತ್ತೇವೆ. ಇದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಒಮ್ಮೆ ಸೀರೆ ಅಂಗಡಿಯಲ್ಲಿ ನನ್ನ ತಂಗಿಗೆ, “ಈ ಮನಶ್ಯಾ ಭಾಳ ಹೇಳಾಕತ್ತಾನ. ಎದ್ದು ಹೋದಂಗ ಮಾಡೂಣು, ತಾನಾ ಕರೀತಾನ” ಎಂದೆ. ಸೀರೆ ಮಡಚುತ್ತಿದ್ದವನು ತಲೆ ಎತ್ತದೆ, “ಕರಿಯೂದಿಲ್ರಿ ಅಕ್ಕಾರ. ಕೂಡ್ರಿ, ಚಹಾ ತರಸ್ತೀನಿ” ಎಂದ. ಇಂಡಿ ಕಡೆಯವನಂತೆ. ನನ್ನ ತಂಗಿ ನಕ್ಕು ನಕ್ಕು ಸೀರೆಯ ರಾಶಿಯ ಮೇಲೆಯೇ ಬಿದ್ದಳು. ಹೇಳಿದ ಬೆಲೆ ಕೊಟ್ಟು ತೆಪ್ಪಗೆ ಹೊರಗೆ ಬಂದೆ. ಈ ಊರಿನಲ್ಲಿ ಎಷ್ಟು ಕನ್ನಡಿಗರಿದ್ದಾರೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮುಂದೆ ನಿಂತ ಮನುಷ್ಯನಿಗೆ ಮಾತ್ರ ಕನ್ನಡ ಬರುವುದಿಲ್ಲ ಎಂಬ ಧೈರ್ಯ ಅದು ಹೇಗೋ ಬಂದುಬಿಡುತ್ತದೆ.

ಇಂಗ್ಲಿಷ್ ವಿಷಯಕ್ಕೆ ಬಂದರೆ ನಾನು ಅಷ್ಟೇ ಹೇಡಿ. ಕನ್ನಡ ಶಾಲೆಯಲ್ಲಿ ಕಲಿತವಳು. ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಮಾತಾಡಿದರೆ ಹೇಗೋ ದಾಟಿಸುತ್ತೇನೆ, ಬರೆಯಲು ಕುಳಿತರೆ ಅಂಗೈ ಬೆವರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಲ್ಕು ಸಾಲಿನ ಮೇಲ್ ಬರೆಯಲು ಮಧ್ಯಾಹ್ನದ ಊಟದ ಹೊತ್ತಾಗುತ್ತಿತ್ತು. ಬರೆದದ್ದನ್ನು ಮಾಲಕರಿಗೆ ಓದಿ ಹೇಳುತ್ತಿದ್ದೆ. ಅವರ ಇಂಗ್ಲಿಷೂ ನನ್ನದರ ಅಕ್ಕಪಕ್ಕದ್ದೇ. ಇಬ್ಬರೂ ಸ್ವಲ್ಪ ಹೊತ್ತು ಪರದೆ ನೋಡಿ, “ನಡೀತದ ಬಿಡ್ರಿ, ಅವರಿಗೆ ತಿಳೀತದ” ಎಂದು ದೇವರ ಮೇಲೆ ಭಾರ ಹಾಕಿ ಕಳಿಸುತ್ತಿದ್ದೆವು. ಆಮೇಲೆ ಮೇಲಿನಲ್ಲಿ ಸ್ಪೆಲ್ ಚೆಕ್ ಎಂಬುದೊಂದು ಬಂತು. ತಪ್ಪು ಶಬ್ದದ ಕೆಳಗೆ ಕೆಂಪು ಗೆರೆ. ಅದನ್ನು ಒತ್ತಿದರೆ ಸರಿಯಾದ ಶಬ್ದ. ನಗುವವರಿಲ್ಲ, ಆಡಿಕೊಳ್ಳುವವರಿಲ್ಲ. ಆ ಗೆರೆ ಕಂಡು ಬೇರೆಯವರಿಗೆ ಕಿರಿಕಿರಿಯಾಗುತ್ತದಂತೆ. ನನಗಂತೂ ಅದು ಇಲ್ಲದ ಪರದೆಯೇ ಹೆದರಿಕೆ. ಕೆಂಪು ಪೂರ್ತಿ ಹೋದ ಮೇಲೆ ಸೆಂಡ್ ಒತ್ತುವಾಗ ಆಗುವ ನಿರಾಳತೆ ಎಂಥದ್ದು ಎಂಬುದು ಕನ್ನಡ ಶಾಲೆಯಲ್ಲಿ ಕಲಿತು ಇಂಗ್ಲಿಷಿನಲ್ಲಿ ಹೊಟ್ಟೆ ಹೊರೆಯುವವರಿಗೆ ಮಾತ್ರ ಗೊತ್ತು.

ಗಿರಾಕಿಗಳಿಂದ ಬಂದ ಮೇಲನ್ನು ನಾನು ಮಾಲಕರಿಗೆ ಫಾರ್ವರ್ಡ್ ಮಾಡುವುದು ನಮ್ಮ ಕ್ರಮ. ಮಾಡುವಾಗ ಮೇಲೆ ಎರಡು ಸಾಲು ಕನ್ನಡದಲ್ಲಿ ಬರೆಯುತ್ತೇನೆ, ಇಂಗ್ಲಿಷ್ ಅಕ್ಷರದಲ್ಲಿ. ಆ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡಿಸುವುದು ನನಗೂ ಬರುವುದಿಲ್ಲ, ಮಾಲಕರಿಗೂ ಬರುವುದಿಲ್ಲ. ‘ಇವರು ಅವಸರ ಮಾಡ್ತಾರ, ನಾವು ಮಾಡೂದು ಬ್ಯಾಡ.’ ‘ಈ ಪುಣ್ಯಾತ್ಮ ಮತ್ತ ಬೆಲಿ ಇಳಸು ಅಂತಾನ.’ ಹಿಂದಿನಿಂದ ಯಾರಾದರೂ ಪರದೆ ಇಣುಕಿದರೂ ತಲೆಬುಡ ತಿಳಿಯುವುದಿಲ್ಲ. ಫೋನಿನಲ್ಲಿ ಮಾತ್ರ ಗಿರಾಕಿಯ ಬಗ್ಗೆ ಒಂದು ಹಗುರ ಮಾತೂ ಆಡಕೂಡದು ಎಂದು ಮಾಲಕರ ಕಟ್ಟಪ್ಪಣೆ. “ಬಾಯಾರ, ದನಿಗೆ ಭಾಷಾ ಬ್ಯಾಡ್ರಿ, ಬೈದದ್ದು ದನೀಲೇ ತಿಳೀತದ” ಎನ್ನುತ್ತಿದ್ದರು. ಹೀಗಾಗಿ ಫೋನಿನಲ್ಲಿ ನುಂಗಿಕೊಂಡದ್ದನ್ನೆಲ್ಲ ನಾನು ಮೇಲಿನಲ್ಲಿ ಕಕ್ಕುತ್ತಿದ್ದೆ. ನನ್ನ ಸಿಟ್ಟು ಮನೆಯಲ್ಲೂ ಹೆಸರುವಾಸಿ. ಅದಕ್ಕೆ ಒಂದು ದಾರಿ ಬೇಕೇ ಬೇಕು.

ಇಂತಿರುವಾಗ ನಮ್ಮ ಇ-ಮೇಲ್ ವ್ಯವಸ್ಥೆ ಬದಲಾಯಿತು. ಕಂಪ್ಯೂಟರ್ ನೋಡಿಕೊಳ್ಳಲು ಹೊರಗಿನಿಂದ ಒಬ್ಬರು ಬರುತ್ತಾರೆ, ನಲವತ್ತು ದಾಟಿದ ಮೈಸೂರು ಕಡೆಯ ಗೃಹಸ್ಥರು. ಅವರು ಹೊಸದನ್ನು ಹಾಕಿ, ನನ್ನನ್ನು ಕುರ್ಚಿಯಲ್ಲಿ ಕೂರಿಸಿ ವಿವರಿಸಿದರು: “ಮೇಡಂ, ಇನ್ಮೇಲೆ ಸೆಂಡ್ ಕೊಟ್ರೂ ಮೇಲ್ ಹಾಗೇ ಹೋಗಲ್ಲ. ಫಸ್ಟ್ ಇದು ಸ್ಪೆಲಿಂಗ್ ಪೂರ್ತಿ ಚೆಕ್ ಮಾಡುತ್ತೆ. ಮಿಸ್ಟೇಕ್ ಇದ್ರೆ ಬಾಕ್ಸ್ ಓಪನ್ ಆಗುತ್ತೆ. ನಿಮ್ಮ ಸರ್ ಹೇಳಿದ್ರು, ಅದಕ್ಕೇ ಸೆಟ್ ಮಾಡಿದೀನಿ.” ಒಳ್ಳೆಯದೇ ಆಯಿತು ಎಂದುಕೊಂಡೆ. ಅವರು ಹೋದ ಮೇಲೆ ಎಂದಿನಂತೆ ಮಾಲಕರಿಗೆ ಒಂದು ಕನ್ನಡ ಮೇಲ್ ಬರೆದು ಸೆಂಡ್ ಒತ್ತಿದೆ.

ಪೆಟ್ಟಿಗೆ ತೆರೆಯಿತು. ಮೊದಲ ಶಬ್ದ ತಪ್ಪು. ಎರಡನೆಯದೂ ತಪ್ಪು. ‘ಬೇಕು’ ಎಂದು ಬರೆದರೆ, ಇಂಗ್ಲಿಷಿನ ‘ಬೀಕ್’, ಅಂದರೆ ಹಕ್ಕಿಯ ಕೊಕ್ಕು, ಎಂದು ಬರೆಯಬೇಕಿತ್ತೇ ಎಂದು ಕೇಳುತ್ತದೆ. ‘ಸಾಕು’ ಎಂದರೆ ‘ಸೋಕ್’, ನೆನೆಹಾಕುವುದೇ ಎನ್ನುತ್ತದೆ. ಪ್ರತಿ ಶಬ್ದಕ್ಕೂ ಇಗ್ನೋರ್ ಒತ್ತಬೇಕು, ಅಂದರೆ ನನ್ನ ಪಾಡಿಗೆ ನನ್ನನ್ನು ಬಿಡು ಎಂದು ಹೇಳಬೇಕು. ಎರಡು ಸಾಲು ಕಳಿಸುವಷ್ಟರಲ್ಲಿ ಬೆರಳು ನೋಯಿತು. ಮೈಸೂರಿನವರಿಗೆ ಫೋನು ಮಾಡಿ, “ಇದನ್ನ ತಗದು ಹಾಕ್ರಿ, ನನಗ ಕನ್ನಡದಾಗ ಬರೀಲಿಕ್ಕೆ ಬಿಡವಲ್ದು” ಎಂದೆ. “ಅಯ್ಯೋ ಮೇಡಂ, ನೀವು ಕನ್ನಡದಲ್ಲಿ ಬರೀತೀರಾ? ಬಂದಾಗ ಆಫ್ ಮಾಡಿಕೊಡ್ತೀನಿ” ಎಂದರು. ಆಮೇಲೆ, “ಹಳೇ ಮೇಲ್‌ಗಳನ್ನೆಲ್ಲ ಟ್ರಾನ್ಸ್‌ಫರ್ ಮಾಡಿದ್ದು ನಾನೇ. ಪ್ರಾಮಿಸ್, ನಾನೇನೂ ಓದಿಲ್ಲ” ಎಂದರು. ಅವರು ಎಲ್ಲವನ್ನೂ ಓದಿದ್ದಾರೆ ಎಂದು ಆ ಕ್ಷಣವೇ ನನಗೆ ಖಾತ್ರಿಯಾಯಿತು. ಬಂದಾಗ ಮಾಡಿಕೊಡುತ್ತೇನೆ ಎಂದವರು ತಿಂಗಳಾದರೂ ಬರಲಿಲ್ಲ.

ಅದೇ ಹೊತ್ತಿಗೆ ನಮಗೊಂದು ದೊಡ್ಡ ಕಂಪನಿಯ ಆರ್ಡರ್ ಸಿಗುವ ಸೂಚನೆಯಿತ್ತು. ಸಿಕ್ಕರೆ ವರ್ಷಗಟ್ಟಲೆ ಕೆಲಸ. ಸಿಗದಿದ್ದರೆ ಎರಡನೇ ಪಾಳಿ ನಿಲ್ಲಿಸುವುದೇ ಎಂದು ಮಾಲಕರು ನನ್ನೊಬ್ಬಳಿಗೆ ಹೇಳಿದ್ದರು. ಎರಡನೇ ಪಾಳಿಯೆಂದರೆ ನನಗೆ ಮುಖ ಗೊತ್ತಿರುವ ಜನ. ಯಾರ ಮಗಳು ಯಾವ ಕಾಲೇಜು, ಯಾರ ತಾಯಿಗೆ ಯಾವ ಔಷಧ ಎಂಬುದೆಲ್ಲ ಬಲ್ಲೆ. ಅವರು ಸಂಜೆ ಬಂದು ಬಟ್ಟೆ ಬದಲಿಸುವಾಗ, ಈ ಸಂಗತಿ ಗೊತ್ತಿರುವ ಮುಖ ಹೊತ್ತು ಅವರೆದುರು ಮೆಟ್ಟಿಲಿಳಿಯುವುದು ನನಗೆ ಕಷ್ಟವಾಗುತ್ತಿತ್ತು.

ಆರ್ಡರ್ ಕೊಡುವುದು ಬಿಡುವುದು ಆ ಕಂಪನಿಯ ತಪಾಸಣೆ ವಿಭಾಗದ ಒಬ್ಬ ಮೇಡಂ ಕೈಯಲ್ಲಿತ್ತು. ನಾವು ಮಾದರಿ ಮಾಡಿ ಕಳಿಸಬೇಕು, ಅವರು ಒಪ್ಪಬೇಕು. ಅವರನ್ನು ನಾನು ನೋಡಿರಲಿಲ್ಲ. ಮನೆತನದ ಹೆಸರು ಮರಾಠಿ, ಫೋನಿನಲ್ಲಿ ಮಾತು ಮರಾಠಿ, ಮೇಲು ಇಂಗ್ಲಿಷು. ಮೊದಲ ಮಾದರಿ ತಿರುಗಿ ಬಂತು. ಎರಡನೆಯದೂ ಬಂತು. ಮೂರನೆಯ ಸಲ ಅಳತೆಯೆಲ್ಲ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಮಾಡಿ, ಎಣ್ಣೆ ಕಾಗದದಲ್ಲಿ ಸುತ್ತಿ, ಮದುಮಗಳನ್ನು ಕಳಿಸಿದ ಹಾಗೆ ಕಳಿಸಿದೆವು. ಒಂದು ಸೋಮವಾರ ಬೆಳಿಗ್ಗೆ ಆ ಮೇಡಂ ಮೇಲ್ ಬಂತು. ಅಳತೆ ಸರಿಯಿದೆ, ಒಳಗಿನ ಅಂಚು ಹರಿತವಾಗಿದೆ, ಉಜ್ಜಿ ನುಣುಪು ಮಾಡಿ ಮತ್ತೆ ಕಳಿಸಿ.

ನನ್ನ ತಲೆ ಕೆಟ್ಟಿತು. ಒಳಗಿನ ಅಂಚಂತೆ! ಯಾರಿಗೂ ಕಾಣದ ಜಾಗ, ಜೋಡಿಸಿದ ಮೇಲೆ ದೇವರಿಗೂ ಕಾಣುವುದಿಲ್ಲ. ಬೆಳಿಗ್ಗೆ ಕೊಂಢವಾದ ಮನೆಯಿಂದ ಬಸ್ಸಿನಲ್ಲಿ ನಿಂತು, ಸ್ವಾರಗೇಟಿನಲ್ಲಿ ಮೆಟ್ರೋ ಹತ್ತಿ, ಅಲ್ಲೂ ನಿಂತೇ ಬಂದಿದ್ದೆ. ಚಹಾ ಸಹ ಕುಡಿದಿರಲಿಲ್ಲ. ಕುಳಿತವಳೇ ಬರೆಯಲು ಶುರು ಮಾಡಿದೆ.

‘ಸಾಹೇಬ್ರ, ಈ ಹೆಣಮಗಳಿಗೆ ತಲಿ ನೆಟ್ಟಗಿಲ್ಲ. ಮನ್ಯಾಗ ಆಕಿನ್ನ ಯಾರೂ ಮಾತಾಡ್ಸೂದಿಲ್ಲ ಅಂತ ಕಾಣ್ತದ, ಅದಕ್ಕ ಆಫೀಸಿಗೆ ಬಂದು ಮಂದಿ ಜೀವ ತಿಂತಾಳ. ಇಕಿ ಮಾರಿ ನೋಡಿಲ್ಲ ನಾ, ನೋಡೂದೂ ಬ್ಯಾಡ.’ ಹೀಗೆ ಶುರುವಾದದ್ದು ಎಲ್ಲೆಲ್ಲಿಗೋ ಹೋಯಿತು. ನಮ್ಮ ಅಜ್ಜಿ ಹಿತ್ತಲಲ್ಲಿ ಕೋಳಿ ಓಡಿಸುವಾಗ ಬಳಸುತ್ತಿದ್ದ ಮಾತುಗಳೂ ಬಂದವು. ಇಷ್ಟು ವರ್ಷದಲ್ಲಿ ಅಷ್ಟು ಚಂದ, ಅಷ್ಟು ಸರಾಗವಾಗಿ ಕನ್ನಡ ಬರೆದದ್ದೇ ಇಲ್ಲ ಎನ್ನಿಸಿ ಒಳಗೊಳಗೇ ಖುಷಿಯೂ ಆಯಿತು. ಮೇಲೆ ಒಮ್ಮೆ ಕಣ್ಣು ಹಾಯಿಸಿದೆ, ಮಾಲಕರ ಹೆಸರು ಕಂಡಿತು. ಸೆಂಡ್ ಒತ್ತಿದೆ.

ಪೆಟ್ಟಿಗೆ ಬಂತು. ‘ಸಾಹೇಬ್ರ’ ತಪ್ಪಂತೆ. ಇಗ್ನೋರ್. ‘ಹೆಣಮಗಳಿಗೆ’ ತಪ್ಪು. ಇಗ್ನೋರ್. ‘ತಲಿ’ ತಪ್ಪು, ‘ಟಾಲ್’, ಅಂದರೆ ಎತ್ತರ, ಎಂದು ಬರೆಯಬೇಕಿತ್ತೇ? ಇಗ್ನೋರ್. ಬೈಗುಳ ಒಂದೇ ಉಸಿರಿಗೆ ಬೈದರೆ ಚಂದ. ಇದು ಅದನ್ನು ಒಂದೊಂದಾಗಿ ಹೊರಗೆ ತೆಗೆದು, ಇದೇನು, ಇದೇಕೆ, ಇದರ ಬದಲು ಇದು ಇರಲೇ ಎಂದು ಕೇಳುತ್ತಿತ್ತು. ಪುಟದ ಉದ್ದಕ್ಕೂ ಕೆಂಪು. ಒತ್ತಿ ಒತ್ತಿ ಮೂರನೇ ಸಾಲಿಗೆ ಬರುವಷ್ಟರಲ್ಲಿ ಸಿಟ್ಟೆಲ್ಲ ಆ ಮೇಡಂ ಮೇಲಿಂದ ಈ ಪೆಟ್ಟಿಗೆಯ ಮೇಲೆ ತಿರುಗಿತು. ಮೂಲೆಯ ಗುಣಾಕಾರದ ಗುರುತು ಒತ್ತಿ ಪೆಟ್ಟಿಗೆ ಮುಚ್ಚಿದೆ. ಅಷ್ಟಕ್ಕೂ ಬಿಡದೆ ಇನ್ನೊಂದು ಪೆಟ್ಟಿಗೆ ಬಂತು: ತಪಾಸಣೆ ಪೂರ್ತಿಯಾಗಿಲ್ಲ, ಆದರೂ ಕಳಿಸಲೇ?

“ಬ್ಯಾಡ ಹೋಗು!” ಎಂದು ಜೋರಾಗಿಯೇ ಅಂದು, ಬೇಡ ಎಂಬುದನ್ನೇ ಒತ್ತಿ ಎದ್ದೆ. ಪಕ್ಕದ ಮೇಜಿನ ಲೆಕ್ಕದಾಕೆ ಮರಾಠಿಯಲ್ಲಿ, ಏನಾಯಿತು ತಾಯಿ ಎಂದು ಕೇಳಿದಳು. ಏನಿಲ್ಲ ಎಂದೆ. ಗಾಜಿನ ಬಾಗಿಲು ತಳ್ಳಿ ಮಾಲಕರ ಕೋಣೆಗೆ ಹೋಗಿ, ಬರೆದದ್ದನ್ನೆಲ್ಲ ಬಾಯಿಂದಲೇ ಹೇಳಿದೆ. ಅಜ್ಜಿಯ ಮಾತು ಮಾತ್ರ ಬಿಟ್ಟೆ. ಮಾಲಕರು ಪೂರ್ತಿ ಕೇಳಿದರು. ಮೇಜಿನ ಖಾನೆಯಿಂದ ಅದೇ ಮಾದರಿಯ ಒಂದು ಬಿಡಿಭಾಗ ತೆಗೆದು ನನ್ನ ಕೈಗೆ ಕೊಟ್ಟು, “ಒಳಗ ಬೆರಳಾಡಸ್ರಿ, ಸಾವಕಾಶ” ಎಂದರು. ಆಡಿಸಿದೆ. ಬೆರಳ ತುದಿಯಲ್ಲಿ ಸಣ್ಣ ಗೆರೆಯಂತೆ ರಕ್ತ ಬಂತು. “ಅಲ್ಲಿ ಇದನ್ನ ಜೋಡಸವ್ರು ದಿನಾ ಬೆರಳ ಹಾಕ್ತಾರ್ರಿ. ಆಕಿ ಹೇಳೂದು ಬರೋಬ್ಬರಿ ಅದ. ಅಂಚು ಉಜ್ಜಸ್ರಿ” ಎಂದರು. ಮುಖ ಊದಿಸಿಕೊಂಡು ಹೊರಬಂದೆ. ಆದರೆ ಅಂಚು ಉಜ್ಜಿಸಿದೆ, ನಿಂತು ಉಜ್ಜಿಸಿದೆ, ಪ್ರತಿಯೊಂದರಲ್ಲೂ ನನ್ನದೇ ಬೆರಳಾಡಿಸಿ ನೋಡಿದೆ. ಮಾದರಿ ಹೋಯಿತು. ಬರೆದಿದ್ದ ಮೇಲ್ ಡ್ರಾಫ್ಟಿನಲ್ಲಿ ಬಿದ್ದಿತ್ತು. ಅದು ನನ್ನ ನೆನಪಿನಲ್ಲೂ ಇರಲಿಲ್ಲ.

ಮಾದರಿ ಪಾಸಾಗಿದೆ, ಕಾರ್ಖಾನೆಯನ್ನು ಒಮ್ಮೆ ಕಣ್ಣಿಂದ ನೋಡಿ ಕೊನೆಯ ಒಪ್ಪಿಗೆ ಕೊಡುತ್ತೇನೆ ಎಂದು ಮೇಡಂ ಬರೆದರು. ಬರುವ ದಿನ ಇಡೀ ಕಾರ್ಖಾನೆ ತೊಳೆಸಿದೆವು. ಬಂದವರು ನಾನು ಎಣಿಸಿದ ಹಾಗಿರಲಿಲ್ಲ. ನನ್ನದೇ ವಯಸ್ಸು, ಕುಳ್ಳು, ಹತ್ತಿ ಸೀರೆ, ಕಾಲಲ್ಲಿ ಕಾರ್ಖಾನೆಯ ದಪ್ಪ ಬೂಟು. ಬಿಸಿನೀರು ಕುಡಿದರು, ಬೇರೇನೂ ಬೇಡವೆಂದರು. ಮಾಲಕರು, ಅವರು, ನಾನು ಮೂವರೂ ಕೆಳಗಿಳಿದೆವು. ಅವರು ಒಂದೊಂದೇ ಮಷೀನಿನ ಮುಂದೆ ನಿಂತು, ಕೆಲಸಗಾರರನ್ನು ಮರಾಠಿಯಲ್ಲಿ ಮಾತಾಡಿಸುತ್ತ ಹೋದರು.

ಒಳಗಿನ ಸಾಲಿಗೆ ಬಂದಾಗ ಮಾಲಕರು ತಗ್ಗಿದ ದನಿಯಲ್ಲಿ ನನಗೆ, “ಬಾಯಾರ, ಆ ಮೂಲಿ ಮಷೀನ್ ಕಡೆ ಕರಕೊಂಡು ಹೋಗಬ್ಯಾಡ್ರಿ, ಎಣ್ಣಿ ಚೆಲ್ಲ್ಯದ” ಎಂದರು. ನಾನು ಮರಾಠಿಯಲ್ಲಿ ಬೇರೆ ದಾರಿ ತೋರಿಸುವಷ್ಟರಲ್ಲಿ ಮೇಡಂ ತಿರುಗಿ ನಿಂತರು.

“ಇರಲಿ ಬಿಡ್ರಿ ಸಾಹೇಬ್ರ,” ಎಂದರು. “ನನ್ನ ಬೂಟು ಗಟ್ಟಿ ಅದಾವ, ಜಾರೂದಿಲ್ಲ.”

ಮಾಲಕರು ಗಹಗಹಿಸಿ ನಕ್ಕರು. ಮೇಡಂ ಕೂಡ ನಕ್ಕರು. ನಾನೂ ಹಲ್ಲು ಬಿಟ್ಟೆ. ಕನ್ನಡ ಬರುತ್ತದೆ! ಇವರಿಗೆ ಕನ್ನಡ ಬರುತ್ತದೆ! ನಾನು ಏನೇನು ಬರೆದಿದ್ದೆ? ಯಾರಿಗೆ ಕಳಿಸಿದ್ದೆ? ಫಾರ್ವರ್ಡ್ ಮಾಡಿದ್ದು ಮಾಲಕರಿಗೆ ಮಾತ್ರ, ಅದರಲ್ಲಿ ಅನುಮಾನವಿಲ್ಲ. ಆ ಸೋಮವಾರದ್ದು ಹೋಗಲೇ ಇಲ್ಲ. ಹೋಗಲಿಲ್ಲ ತಾನೇ? ಕುಡಿಯಲು ನೀರು ತರುತ್ತೇನೆಂದು ಸುಳ್ಳು ಹೇಳಿ ಮೆಟ್ಟಿಲು ಹತ್ತಿದೆ. ಹತ್ತಿದೆ ಎನ್ನುವುದಕ್ಕಿಂತ ಓಡಿದೆ ಎನ್ನಬೇಕು.

ಡ್ರಾಫ್ಟ್ ತೆರೆದೆ. ಅಲ್ಲೇ ಇತ್ತು, ಕೆಂಪು ಕೆಂಪಾಗಿ. ಮೇಲೆ ಹೆಸರುಗಳಿರುವ ಸಾಲು ನೋಡಿದೆ. ಮಾಲಕರ ಹೆಸರಿತ್ತು. ಅದಕ್ಕೂ ಮೊದಲು, ಎಲ್ಲಕ್ಕಿಂತ ಮುಂದೆ, ಆ ಮೇಡಂ ಹೆಸರಿತ್ತು. ಸಿಟ್ಟಿನ ಭರದಲ್ಲಿ ಫಾರ್ವರ್ಡ್ ಒತ್ತುವ ಬದಲು, ಎಲ್ಲರಿಗೂ ಉತ್ತರ ಹೋಗುವ ರಿಪ್ಲೈ ಆಲ್ ಒತ್ತಿದ್ದೆ. ಆ ಸಲ ಅವರು ಮಾಲಕರಿಗೂ ಒಂದು ಪ್ರತಿ ಕಳಿಸಿದ್ದರಿಂದ ಮಾಲಕರ ಹೆಸರು ತಾನಾಗಿ ಬಂದಿತ್ತು. ನಾನು ಅದೊಂದನ್ನೇ ನೋಡಿ ಸೆಂಡ್ ಒತ್ತಿದ್ದೆ. ಈ ಎರಡು ಕೈಗಳಿಂದಲೇ ಒತ್ತಿದ್ದೆ. ನನ್ನ ಕಡೆಯಿಂದ ಅದು ಹೋಗಿಯೇ ಆಗಿತ್ತು. ತಡೆದದ್ದು ಆ ಪೆಟ್ಟಿಗೆ.

ಕುರ್ಚಿಯಲ್ಲಿ ಕುಳಿತೆ. ಎರಡನೇ ಪಾಳಿಯ ಮುಖಗಳು ಒಂದೊಂದಾಗಿ ಬಂದು ನಿಂತವು. ಅಳಿಸಿಬಿಡೋಣವೆಂದು ಮೌಸ್ ಹಿಡಿದೆ. ಅಳಿಸಲು ಹೋಗಿ ಕಳಿಸಿಬಿಟ್ಟರೆ ಗತಿಯೇನು? ಬಗ್ಗಿ ಮೇಜಿನ ಕೆಳಗೆ ತೂರಿ ಇಂಟರ್‌ನೆಟ್ಟಿನ ವಾಯರ್ ಕಿತ್ತೆ. ಲೆಕ್ಕದಾಕೆ, ಅಯ್ಯೋ ನನ್ನದೂ ಹೋಯಿತು ಎಂದು ಕೂಗಿದಳು. ಹೋಗಲಿ ಎಂದೆ. ಆಮೇಲೆ ಅಳಿಸಿದೆ. ಅಳಿಸಿದವು ಹೋಗಿ ಬೀಳುವ ಬುಟ್ಟಿಯನ್ನೂ ಬರಿದು ಮಾಡಿದೆ. ಆಮೇಲೆ ತಂಬಿಗೆ ಎತ್ತಿ ಗಟಗಟ ನೀರು ಕುಡಿದೆ. ಆ ನೀರು ಗಂಟಲಲ್ಲಿ ಇಳಿದ ತಂಪು ಇನ್ನೂ ನೆನಪಿದೆ. ಪುಣೆಗೆ ಬಂದ ಮೇಲೆ ಅಷ್ಟು ಹಗುರಾಗಿ ನಾನು ಉಸಿರು ಬಿಟ್ಟದ್ದಿಲ್ಲ. ನಾನು ಫೋನು ಮಾಡಿದ ಕೂಡಲೇ ಮೈಸೂರಿನವರು ಬಂದು ಅದನ್ನು ತೆಗೆದುಹಾಕಿದ್ದರೆ ಏನಾಗುತ್ತಿತ್ತು ಎಂದು ನೆನೆದು, ಅವರ ಸೋಮಾರಿತನಕ್ಕೆ ಕೈ ಮುಗಿದೆ.

ಕೆಳಗಿಳಿಯುವಷ್ಟರಲ್ಲಿ ಒಪ್ಪಿಗೆ ಆಗಿಹೋಗಿತ್ತು. ಮಾಲಕರ ಮುಖ ನೋಡಿಯೇ ಗೊತ್ತಾಯಿತು. ಈಗ ಚಹಾ ಕುಡಿಯುತ್ತೇನೆ ಎಂದರು ಮೇಡಂ. ಮೂವರೂ ಮತ್ತೆ ಮೇಲೆ ಆಫೀಸಿಗೆ ಬಂದೆವು. ಮಾಲಕರಿಗೆ ಫೋನ್ ಬಂದು ಅವರು ಕೋಣೆಗೆ ಹೋದರು. ನನ್ನ ಮೇಜಿನ ಪಕ್ಕ ಕುರ್ಚಿ ಎಳೆದು ನಾವಿಬ್ಬರೇ ಕುಳಿತೆವು. ನನಗೆ ಒಂದೇ ಪ್ರಶ್ನೆ.

“ನಿಮಗ ಕನ್ನಡ ಇಷ್ಟ ಚಲೋ ಬರ್ತದ. ಫೋನಿನ್ಯಾಗ ಒಮ್ಮೆನೂ ಹೇಳಲಿಲ್ಲ?”

“ಹೇಳೂದಿಲ್ರಿ ನಾ, ಎಲ್ಲೂ ಹೇಳೂದಿಲ್ಲ” ಎಂದರು. “ನಮ್ಮಪ್ಪ ಮರಾಠಿಯವ್ರು, ಅವ್ವ ಜಮಖಂಡಿಯಾಕಿ. ನಾ ಹುಟ್ಟಿ ಬೆಳದದ್ದೆಲ್ಲಾ ಇಲ್ಲೇ. ಕನ್ನಡ ಅಂದ್ರ ಅವ್ವನ ಜೋಡಿ ಅಷ್ಟ. ಅವ್ವ ಹೋದಮ್ಯಾಲೆ ಮನ್ಯಾಗ ನನ್ನ ಜೋಡಿ ಮಾತಾಡವ್ರ ಯಾರೂ ಉಳೀಲಿಲ್ಲ. ಗಂಡ, ಮಕ್ಕಳು ಎಲ್ಲಾ ಮರಾಠಿ. ಭಾಳ ಚಲೋ ಮಂದಿ, ಆದರ ಮರಾಠಿ.”

“ಹಂಗಂದ್ರ ಕನ್ನಡದವರು ಸಿಕ್ಕಾಗ ಹೇಳಬೇಕಲ್ರಿ, ಮತ್ತ?”

“ಹೇಳಿದ್ರ ಅವರು ಸುಮ್ಮಾಗಿಬಿಡ್ತಾರ್ರಿ. ‘ಓ, ಇವರಿಗೆ ತಿಳೀತದ’ ಅಂತ ನೆಟ್ಟಗ ಕೂತು, ಊರು ಯಾವುದು, ಏನ್ ಮಾಡ್ತೀರಿ ಅಂತ ಕೇಳ್ತಾರ. ಅದು ಅವ್ವನ ಕನ್ನಡ ಅಲ್ರಿ. ತಮ್ತಮ್ಮೊಳಗ ಮಾತಾಡ್ತಾರಲ್ಲ, ಅದು ಅವ್ವನ ಕನ್ನಡ. ಒಬ್ಬಾಕೀನ ಸ್ವಾರಗೇಟಿನ್ಯಾಗ ಹುಬ್ಬಳ್ಳಿ ಬಸ್ಸಿನ ಕಡೆ ಸುಮ್ಮ ನಿಂದರ್ತಿದ್ದೆ, ಕೇಳಕೋತ. ನೀವಿಬ್ರೂ ಫೋನಿನ್ಯಾಗ ನನ್ನ ಲೈನಿನ ಮ್ಯಾಲೇ ಇಟ್ಟು ಮಾತಾಡತೀರಲ್ಲ, ‘ಹದಿನೈದು ದಿನ ಅನ್ರಿ ಬಾಯಾರ, ಹತ್ತರಾಗ ಕೊಡೂಣು’ ಅಂತ?” ಅವರು ನಗುತ್ತಿದ್ದರು. “ಅದನ್ನ ಕೇಳೂ ಸಲುವಾಗಿ ಒಂದೆರಡ ಸಲ ಸುಮ್ಮಸುಮ್ಮನ ಫೋನ್ ಮಾಡೀನಿ.”

ನಾನೂ ನಗಬೇಕಿತ್ತು. ನಗು ಅರ್ಧಕ್ಕೆ ನಿಂತಿತು. ಫೋನಿನಲ್ಲಿ ಹಗುರ ಮಾತು ಬೇಡವೆಂದ ಮಾಲಕರನ್ನು ಮನಸಿನಲ್ಲೇ ನೆನೆದೆ. ಕನ್ನಡದಲ್ಲಿ ಏನಾದರೂ ಓದುತ್ತೀರಾ ಎಂದು ಕೇಳಿದೆ, ಸುಮ್ಮನೆ, ಮಾತು ಬೇರೆ ಕಡೆ ಹೊರಳಲಿ ಎಂದು.

“ಎಲ್ಲಿದು ಓದೂದ್ರಿ. ಕನ್ನಡ ಅಕ್ಷರ ನನಗ ಬರೂದಿಲ್ಲ, ಯಾರೂ ಕಲಸಲಿಲ್ಲ. ಇಂಗ್ಲಿಷ್ ಅಕ್ಷರದಾಗ ಬರದ್ರ ಓದ್ತೀನಿ. ಹಂಗ ಯಾರು ಬರೀತಾರ?”

ನಾನು ಲೋಟದೊಳಗೆ ನೋಡುತ್ತಿದ್ದೆ. ಅವರು ಲೋಟ ಕೆಳಗಿಟ್ಟು, ಸ್ವಲ್ಪ ಸಂಕೋಚಪಡುತ್ತ ಹೇಳಿದರು: “ಒಂದು ಕೇಳ್ಲ್ಯಾ? ಕೆಲಸದ್ದಲ್ಲ. ನಿಮಗ ಹೊತ್ತು ಸಿಕ್ಕಾಗ ನನಗೊಂದು ಮೇಲ್ ಹಾಕ್ರಿ, ಕನ್ನಡದಾಗ. ಏನರ ಬರೀರಿ. ಬೈದರೂ ನಡೀತದ. ಅವ್ವ ಹೋದಮ್ಯಾಲೆ ನನಗ ಕನ್ನಡದಾಗ ಬೈದವ್ರೂ ಯಾರೂ ಇಲ್ಲ.”

“ಬೈಯೂದೇನ್ ಬ್ಯಾಡ್ರಿ” ಎಂದೆ. “ಚಲೋ ಮಾತೇ ಬರೀತೀನಿ.”

ಅವರ ಕಾರು ಗೇಟು ದಾಟುವವರೆಗೆ ನಿಂತಿದ್ದೆ. ಸಂಜೆ ಎರಡನೇ ಪಾಳಿಯವರು ಬರುವ ಹೊತ್ತಿಗೆ ಬೇಕೆಂದೇ ಮೆಟ್ಟಿಲಿಳಿದೆ. ಪೇಢೆಯ ಡಬ್ಬಿ ಹಿಡಿದು ಒಬ್ಬೊಬ್ಬರ ಕೈಗೂ ನಾನೇ ಇಟ್ಟೆ. ಏತಕ್ಕೆ ಎಂದು ಕೇಳಿದರು, ಆರ್ಡರ್ ಬಂತು ಎಂದೆ. ಅವರ ಪಾಳಿ ಎಂಥ ಎಳೆಯ ಮೇಲೆ ತೂಗಿತ್ತು ಎಂದು ಅವರಿಗೆ ಗೊತ್ತಾಗುವ ಅವಶ್ಯಕತೆ ಇರಲಿಲ್ಲ. ಅವರು ಬಾಯಿಗೆ ಪೇಢೆ ಹಾಕಿಕೊಂಡು ಎಂದಿನಂತೆ ಬಟ್ಟೆ ಬದಲಿಸಲು ಹೋದರು. ನನ್ನ ಎದೆ ಹೂವಿನಷ್ಟು ಹಗುರವಾಗಿತ್ತು.

ಮೆಟ್ರೋದಲ್ಲಿ ಅಂದು ಕೂರಲು ಜಾಗ ಸಿಕ್ಕಿತು. ಆರ್ಡರ್ ಉಳಿಯಿತು, ಕೆಲಸ ಉಳಿಯಿತು, ಮಾನ ಉಳಿಯಿತು ಎಂದು ಒಂದೊಂದೇ ನೆನೆದು ಸಮಾಧಾನಪಡುತ್ತ ಹೋದೆ. ಆದರೆ ಸ್ವಾರಗೇಟು ಬರುವವರೆಗೂ ಮನಸ್ಸು ಮತ್ತೆ ಮತ್ತೆ ನಿಂತದ್ದು ಇದ್ಯಾವುದರ ಮೇಲೂ ಅಲ್ಲ. ಆ ಮೇಲ್ ಹೋಗಿದ್ದರೆ, ಬೇರೆ ಯಾರಾದರೂ ಮೊದಲ ಬೈಗುಳಕ್ಕೇ ಮುಚ್ಚಿಬಿಡುತ್ತಿದ್ದರು. ಆ ಮೇಡಂ ಮುಚ್ಚುತ್ತಿರಲಿಲ್ಲ. ಕನ್ನಡದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕೊನೆಯ ಶಬ್ದದವರೆಗೂ ಓದುತ್ತಿದ್ದರು.